ಮಕ್ಕಳ ಡಿಪ್ರೆಶನ್ ಮಾತ್ರೆ ಬಗ್ಗೆ, ಮೆಡಿಕಲ್ ಶಾಪ್ ಕೌಂಟರ್ ಹಿಂದಿಂದ

ಡಿಪ್ರೆಶನ್ ಮಾತ್ರೆ ಚೀಟಿ ಹಿಡ್ಕೊಂಡು ಬರೋ ಅಪ್ಪ ಅಮ್ಮಂದಿರನ್ನ ದೂರದಿಂದಲೇ ಗುರುತು ಹಿಡೀಬಹುದು. ಅಂಗಡೀಲಿ ಬೇರೆ ಗಿರಾಕಿ ಇದ್ರೆ ಒಂದು ಪಕ್ಕ ನಿಂತ್ಕೋತಾರೆ, ಎಲ್ರೂ ಹೋದ್ಮೇಲೆ ನಾಲ್ಕು ಮಡಿಕೆ ಮಾಡಿರೋ ಚೀಟಿ ಬಿಚ್ಚಿ ಕೊಡ್ತಾರೆ, ಅದೂ ಹದಿನಾಲ್ಕು ಹದಿನೈದು ವರ್ಷದ ಮಗುವಿನ ಚೀಟಿ ಆದ್ರಂತೂ ಮುಖ ಎತ್ತಿ ನೋಡೋದೇ ಇಲ್ಲ. ಕೇಳೋದೂ ಹೆಚ್ಚುಕಮ್ಮಿ ಅವೇ ಎರಡು ಪ್ರಶ್ನೆ: ಇದು ನಿದ್ದೆ ಮಾತ್ರೆನಾ? ಇದಕ್ಕೆ ಚಟ ಬೀಳುತ್ತಾ? ಎರಡಕ್ಕೂ ಅಲ್ಲ ಅಂತ ಉತ್ತರ ಕೊಟ್ಟು, ಹತ್ತು ಮಾತ್ರೆ ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕಿ, ಮೇಲೆ ಪೆನ್ನಲ್ಲಿ 0-0-1 ಅಂತ ಬರೆದು ಕೊಟ್ರೆ ವ್ಯವಹಾರ ಮುಗೀತು. ನಿಜವಾಗಿ ಕೇಳಬೇಕಾದ ಪ್ರಶ್ನೆ ಮಾತ್ರ ಅಪರೂಪಕ್ಕೆ ಯಾರಾದ್ರೂ ಕೇಳ್ತಾರೆ, ಮೊದಲ ಒಂದು ತಿಂಗಳು ಮಗುನಲ್ಲಿ ನಾವು ಏನು ಗಮನಿಸ್ಬೇಕು ಅಂತ.

ನಾನು ಡಾಕ್ಟ್ರಲ್ಲ, ಫಾರ್ಮಸಿ ಓದ್ಕೊಂಡು ತಾಲ್ಲೂಕು ಊರಲ್ಲಿ ಅಂಗಡಿ ನೋಡ್ಕೊಳ್ಳೋಳು. ಇದನ್ನ ಓದಿ ಯಾರೂ ಮಗುವಿನ ಮಾತ್ರೆ ನಿಲ್ಲಿಸ್ಬೇಡಿ, ನಾನು ಹಾಗೆ ಹೇಳ್ತಿಲ್ಲ, ಯಾಕೆ ಅಂತ ಮುಂದೆ ಬರುತ್ತೆ. ನಾನು ಬರೀತಿರೋದು ಈ ಮಾತ್ರೆ ಶುರುವಾದಾಗ ಕೆಲವು ಮಕ್ಕಳಲ್ಲಿ ಸಾಯೋ ಯೋಚನೆ ಜಾಸ್ತಿ ಆಗ್ಬಹುದು ಅನ್ನೋ ಒಂದು ಎಚ್ಚರಿಕೆ ಬಗ್ಗೆ, ಅದನ್ನ ಔಷಧಿ ಡಬ್ಬಿ ಮೇಲೆ ಅಚ್ಚು ಹಾಕ್ಸೋಕೆ ಅಮೆರಿಕ ಇಂಗ್ಲೆಂಡಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಹೊಡೆದಾಡಿದ್ದಾರೆ, ಆದ್ರೆ ಅದು ನಮ್ಮ ಕೌಂಟರ್ ದಾಟಿ ಮನೆ ತಲುಪೋದೇ ಇಲ್ಲ.

ಮೊದ್ಲು ಯಾವ ಮಾತ್ರೆ ಅಂತ ಹೇಳ್ಬಿಡ್ತೀನಿ. ಈಗ ಜಾಸ್ತಿ ಬರೆಯೋದು ಮೆದುಳಲ್ಲಿ ಸಿರೊಟೋನಿನ್ ಅನ್ನೋ ರಾಸಾಯನಿಕ ಹೆಚ್ಚಿಸೋ ಎಸ್‌ಎಸ್‌ಆರ್‌ಐ ಅನ್ನೋ ಗುಂಪಿನವು, ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಎಸಿಟಲೋಪ್ರಾಮ್, ಪ್ಯಾರಾಕ್ಸೆಟಿನ್ ಇವೆಲ್ಲ. ಅದಕ್ಕೂ ಹಳೇವು ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ಥರದವು, ಅವುಗಳ ಕಥೆ ಬೇರೆ, ಆಮೇಲೆ ಹೇಳ್ತೀನಿ.

ಗಲಾಟೆ ಶುರುವಾಗಿದ್ದು ಪ್ಯಾರಾಕ್ಸೆಟಿನ್‌ದು. ಅಮೆರಿಕದಲ್ಲಿ ಪ್ಯಾಕ್ಸಿಲ್, ಇಂಗ್ಲೆಂಡಲ್ಲಿ ಸೆರೋಕ್ಸಾಟ್ ಅಂತ ಮಾರ್ತಿದ್ರು. ಆಮೇಲೆ ಗ್ಲಾಕ್ಸೊಸ್ಮಿತ್‌ಕ್ಲೈನ್ ಅಂತಾದ ಕಂಪನಿ 1994ರಲ್ಲಿ 12ರಿಂದ 18 ವರ್ಷದ ಮಕ್ಕಳ ಮೇಲೆ ಒಂದು ಟ್ರಯಲ್ ಶುರು ಮಾಡ್ತು, ಸ್ಟಡಿ 329 ಅಂತ ಅದರ ನಂಬರ್. ಒಟ್ಟು 275 ಮಕ್ಕಳು, ಒಂದು ಗುಂಪಿಗೆ ಪ್ಯಾರಾಕ್ಸೆಟಿನ್, ಇನ್ನೊಂದಕ್ಕೆ ಇಮಿಪ್ರಮಿನ್, ಮೂರನೇದಕ್ಕೆ ಡಮ್ಮಿ ಮಾತ್ರೆ, ಅಂದ್ರೆ ಪ್ಲಸೀಬೊ. ಫಲಿತಾಂಶ ಬಂದಾಗ ನೋಡಿದ್ರೆ, ಮೊದಲೇ ಯಾವ್ಯಾವ ಅಳತೆಗೋಲಲ್ಲಿ ನೋಡ್ತೀವಿ ಅಂತ ಬರ್ಕೊಂಡಿದ್ರೋ ಅದ್ಯಾವುದ್ರಲ್ಲೂ ಪ್ಯಾರಾಕ್ಸೆಟಿನ್ ಡಮ್ಮಿ ಮಾತ್ರೆಗಿಂತ ಗಟ್ಟಿಯಾಗಿ ಮೇಲೆ ಬಂದಿರ್ಲಿಲ್ಲ. ಅಷ್ಟಕ್ಕೆ ಸುಮ್ಮನಿದ್ರೆ ವಿಷ್ಯ ಇರ್ತಿರ್ಲಿಲ್ಲ, ಎಷ್ಟೋ ಔಷಧಿ ಹಾಗೇ ಫೇಲಾಗ್ತವೆ. 1998ರ ಕಂಪನಿ ಒಳಗಿನ ಒಂದು ಟಿಪ್ಪಣೀಲಿ, ಪರಿಣಾಮ ಸಾಬೀತಾಗಿಲ್ಲ ಅಂತ ಬರೆದ್ರೆ ವ್ಯಾಪಾರದ ದೃಷ್ಟಿಯಿಂದ ಅದು ಒಪ್ಪೋ ಮಾತಲ್ಲ ಅನ್ನೋ ಅರ್ಥದ ಸಾಲಿತ್ತು. ಈ ಕಾಗದ ಆಮೇಲೆ ಹೊರಗೆ ಬಂತು. 2001ರಲ್ಲಿ ಅಮೆರಿಕದ ಮಕ್ಕಳ ಸೈಕಿಯಾಟ್ರಿ ಕ್ಷೇತ್ರದ ದೊಡ್ಡ ಜರ್ನಲ್‌ನಲ್ಲಿ ಬ್ರೌನ್ ಯೂನಿವರ್ಸಿಟಿಯ ಮಾರ್ಟಿನ್ ಕೆಲ್ಲರ್ ಮತ್ತೆ ಇನ್ನೂ ಇಪ್ಪತ್ತೊಂದು ಜನರ ಹೆಸರಲ್ಲಿ ಲೇಖನ ಬಂತು, ಅದರ ಕರಡು ಬರೆದಿದ್ದು ಕಂಪನಿ ದುಡ್ಡು ಕೊಟ್ಟು ನೇಮಿಸ್ಕೊಂಡಿದ್ದ ಲೇಖಕಿ, ತೀರ್ಮಾನದಲ್ಲಿ ಇದ್ದಿದ್ದು ಮಾತ್ರೆ ಪರಿಣಾಮಕಾರಿ, ಮಕ್ಕಳು ಚೆನ್ನಾಗಿ ತಡ್ಕೋತಾರೆ ಅಂತ.

ನನಗೆ ಹೊಟ್ಟೆ ಉರಿಸಿದ್ದು ಅದರಲ್ಲಿನ ಅಡ್ಡಪರಿಣಾಮದ ಭಾಗ. ಮಕ್ಕಳಲ್ಲಿ ಸಾಯ್ಬೇಕು ಅನ್ನೋ ಯೋಚನೆ ಬಂದಿದ್ದು, ತಮಗೆ ತಾವೇ ಗಾಯ ಮಾಡ್ಕೊಂಡಿದ್ದು, ಇವನ್ನೆಲ್ಲ ‘ಇಮೋಷನಲ್ ಲೆಬಿಲಿಟಿ’ ಅನ್ನೋ ಖಾನೆಗೆ ಸೇರಿಸಿದ್ರು. ಅಂದ್ರೆ ಮನಸ್ಸಿನ ಭಾವನೆ ಏರಿಳಿತ. ಓದೋ ಡಾಕ್ಟ್ರಿಗೆ ಏನನ್ಸುತ್ತೆ ಹೇಳಿ, ಹರೆಯದ ಮಕ್ಕಳಲ್ವಾ ಒಂದಿಷ್ಟು ಅಳ್ತಾರೆ ಒಂದಿಷ್ಟು ರೇಗ್ತಾರೆ ಬಿಡಿ ಅನ್ಸುತ್ತೆ. ಗಂಭೀರ ಅಡ್ಡಪರಿಣಾಮ ಆದವರು ಪ್ಯಾರಾಕ್ಸೆಟಿನ್ ಗುಂಪಲ್ಲಿ 11 ಮಕ್ಕಳು, ಡಮ್ಮಿ ಮಾತ್ರೆ ಗುಂಪಲ್ಲಿ 2, ಆದ್ರೆ ಆ 11ರಲ್ಲಿ ಮಾತ್ರೆಯಿಂದಲೇ ಆಗಿದ್ದು ಅಂತ ಲೇಖನ ಒಪ್ಕೊಂಡಿದ್ದು ಒಂದೇ ಒಂದು ಕೇಸು, ಅದು ಯಾವುದು ಗೊತ್ತಾ, ತಲೆನೋವು! ಕಂಪನಿಯವರು ಸೇಲ್ಸ್ ರೆಪ್‌ಗಳಿಗೆ ಕಳಿಸಿದ ಮೆಮೋದಲ್ಲಂತೂ ಅದ್ಭುತ ಪರಿಣಾಮ ಅದ್ಭುತ ಸುರಕ್ಷತೆ ಅಂತ ದೊಡ್ಡ ಅಕ್ಷರದಲ್ಲಿ ಹೊಗಳಿದ್ರು. ರೆಪ್‌ಗಳು ಹೇಗೆ ಬ್ಯಾಗ್ ಹಿಡ್ಕೊಂಡು ಕ್ಲಿನಿಕ್ ಮುಂದೆ ಕಾಯ್ತಾರೆ, ಡಾಕ್ಟ್ರು ಕೊಡೋ ಎರಡು ನಿಮಿಷದಲ್ಲಿ ಏನು ಹೇಳ್ತಾರೆ ಅಂತ ದಿನಾ ನೋಡೋಳು ನಾನು, ಆ ಮೆಮೋ ಎಷ್ಟು ಕೆಲಸ ಮಾಡಿರುತ್ತೆ ಅಂತ ಊಹೆ ಮಾಡ್ಕೊಳ್ಳೋಕೆ ಕಷ್ಟ ಇಲ್ಲ.

2002ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮದಲ್ಲಿ ಶೆಲ್ಲಿ ಜೋಫ್ರೆ ಅನ್ನೋ ಪತ್ರಕರ್ತೆ ಸೆರೋಕ್ಸಾಟ್‌ನ ಅಡ್ಡಪರಿಣಾಮಗಳ ಬಗ್ಗೆ ವರದಿ ಮಾಡಿದ್ರು, ನೋಡಿದ ಸಾವಿರಾರು ಜನ ಫೋನು ಈಮೇಲು ಮಾಡಿ ನಮಗೂ ಹೀಗಾಗಿದೆ ಅಂದ್ರು. 2003 ಜೂನ್‌ನಲ್ಲಿ ಇಂಗ್ಲೆಂಡಿನ ಔಷಧಿ ನಿಯಂತ್ರಕರು 18ರ ಒಳಗಿನವರ ಡಿಪ್ರೆಶನ್‌ಗೆ ಪ್ಯಾರಾಕ್ಸೆಟಿನ್ ಕೊಡ್ಲೇಬೇಡಿ ಅಂದ್ರು, ಡಿಸೆಂಬರ್ ಹೊತ್ತಿಗೆ ಫ್ಲೂಆಕ್ಸೆಟಿನ್ ಒಂದನ್ನ ಬಿಟ್ಟು ಉಳಿದ ಎಸ್‌ಎಸ್‌ಆರ್‌ಐಗಳಿಗೂ ಹಂಗೇ ಹೇಳಿದ್ರು. ಅಮೆರಿಕ ಸ್ವಲ್ಪ ಎಳೆದಾಡ್ತು. ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಳಗೇ ಆಂಡ್ರ್ಯೂ ಮೊಶೋಲ್ಡರ್ ಅನ್ನೋ ತಜ್ಞರು ಟ್ರಯಲ್‌ಗಳನ್ನೆಲ್ಲ ಒಟ್ಟು ಹಾಕಿ ನೋಡಿ ಅಪಾಯ ಇದೆ ಅಂತ ತೀರ್ಮಾನಕ್ಕೆ ಬಂದಿದ್ರು, 2004 ಫೆಬ್ರವರಿಯ ಸಾರ್ವಜನಿಕ ಸಭೇಲಿ ಅದನ್ನ ಮಂಡಿಸೋಕೆ ಅವರ ಮೇಲಿನವರು ಬಿಡ್ಲಿಲ್ಲ. ಅದೇ ಸಭೇಲಿ ಮಕ್ಕಳನ್ನ ಕಳ್ಕೊಂಡ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಮೈಕ್ ಮುಂದೆ ನಿಂತು ಮಾತಾಡಿದ್ರು. ಆಮೇಲೆ ಕೊಲಂಬಿಯಾ ಯೂನಿವರ್ಸಿಟಿಯವರ ಕೈಲಿ ಟ್ರಯಲ್‌ಗಳ ಒಂದೊಂದು ಘಟನೆನೂ ಮತ್ತೆ ಓದಿಸಿ ಹೊಸದಾಗಿ ವಿಂಗಡಿಸಿದ್ರು, 24 ಟ್ರಯಲ್, 4400ಕ್ಕೂ ಹೆಚ್ಚು ಮಕ್ಕಳು. ಲೆಕ್ಕ ಬಂದಿದ್ದು ಹೀಗೆ: ಡಮ್ಮಿ ಮಾತ್ರೆ ತಗೊಂಡವರಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ಆ ಥರದ ನಡವಳಿಕೆ ಸುಮಾರು 2%, ನಿಜವಾದ ಮಾತ್ರೆ ತಗೊಂಡವರಲ್ಲಿ ಸುಮಾರು 4%. ಸಾವು ಮಾತ್ರ ಆ ಟ್ರಯಲ್‌ಗಳಲ್ಲಿ ಒಂದೂ ಆಗಿರ್ಲಿಲ್ಲ. 2004 ಅಕ್ಟೋಬರ್‌ನಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅದೇ ಬ್ಲ್ಯಾಕ್ ಬಾಕ್ಸ್ ವಾರ್ನಿಂಗ್, ಎಲ್ಲಾ ಡಿಪ್ರೆಶನ್ ಮಾತ್ರೆಗಳ ಲೇಬಲ್ ಮೇಲೂ ಬರ್ಬೇಕು ಅಂತ ಆರ್ಡರ್ ಆಯ್ತು, 2007ರಲ್ಲಿ ಅದನ್ನ 24 ವರ್ಷದವರೆಗಿನವರಿಗೂ ವಿಸ್ತರಿಸಿದ್ರು.

ಈ 2 ಮತ್ತೆ 4 ಅನ್ನೋ ಲೆಕ್ಕನ ಜನ ಎರಡು ಕಡೆಗೂ ಎಳೀತಾರೆ. ಯೂಟ್ಯೂಬಲ್ಲಿ ಒಬ್ರು ‘ಆತ್ಮಹತ್ಯೆ ಡಬಲ್’ ಅಂತ ಥಂಬ್‌ನೇಲ್ ಹಾಕಿದ್ರು, ಅದು ತಪ್ಪು, ಡಬಲ್ ಆಗಿದ್ದು ಯೋಚನೆ ಮತ್ತೆ ನಡವಳಿಕೆ. ಇನ್ನು ಕೆಲವರು ನೂರಕ್ಕೆ ಇಬ್ರು ಜಾಸ್ತಿ ಅಷ್ಟೇ ತಾನೇ ಅಂತಾರೆ, ಅದೂ ಸರಿಯಲ್ಲ, ಯಾಕಂದ್ರೆ ಟ್ರಯಲ್‌ಗೆ ಸೇರಿಸ್ಕೊಳ್ಳೋವಾಗಲೇ ತುಂಬಾ ಅಪಾಯದಲ್ಲಿರೋ ಮಕ್ಕಳನ್ನ ಎಷ್ಟೋ ಸಲ ಹೊರಗಿಟ್ಟಿರ್ತಾರೆ, ಸೇರಿದವರನ್ನ ವಾರವಾರ ಕರೆಸಿ ನೋಡ್ತಾರೆ, ನಮ್ಮೂರಲ್ಲಿ ಮಾತ್ರೆ ಬರೆಸ್ಕೊಂಡ ಮಗು ಮತ್ತೆ ಡಾಕ್ಟ್ರ ಮುಖ ನೋಡೋದು ತಿಂಗಳು ಕಳೆದ್ಮೇಲೆ.

ಸ್ಟಡಿ 329 ಕಥೆ ಇನ್ನೂ ಇದೆ. 2004ರಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಕೇಸು ಹಾಕಿದ್ರು, ಕಂಪನಿ 25 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡು ಟ್ರಯಲ್ ಫಲಿತಾಂಶಗಳನ್ನ ಆನ್‌ಲೈನಲ್ಲಿ ಹಾಕ್ತೀವಿ ಅಂತ ಒಪ್ತು. 2012ರಲ್ಲಿ ಅಮೆರಿಕ ಸರ್ಕಾರದ ಜೊತೆ 300 ಕೋಟಿ ಡಾಲರ್ ಇತ್ಯರ್ಥ, ಅದರಲ್ಲಿ ಮಕ್ಕಳಿಗೆ ಪ್ಯಾಕ್ಸಿಲ್ ಪ್ರಚಾರ ಮಾಡಿದ್ದೂ ಸೇರಿತ್ತು, ತಪ್ಪೊಪ್ಪಿಗೆನೂ ಕೊಟ್ರು. ಆಮೇಲೆ ಡೇವಿಡ್ ಹೀಲಿ, ಜಾನ್ ಜ್ಯೂರಿಡೀನಿ ಅನ್ನೋ ಸೈಕಿಯಾಟ್ರಿಸ್ಟ್‌ಗಳೆಲ್ಲ ಇದ್ದ ತಂಡ ಮೂಲ ದಾಖಲೆಗಳನ್ನೇ ಮತ್ತೆ ಓದ್ತೀವಿ ಅಂತ ಕೂತ್ರು. ಮಕ್ಕಳ ಕೇಸ್ ಫಾರ್ಮ್‌ಗಳು ಸುಮಾರು 77,000 ಪುಟ, ಕಂಪನಿ ಅವನ್ನ ಕಂಪ್ಯೂಟರ್ ಪರದೆ ಮೇಲೆ ದೂರದಿಂದ ಇಣುಕಿ ನೋಡೋಕೆ ಮಾತ್ರ ಬಿಡ್ತು, ಪ್ರಿಂಟ್ ಕೊಡ್ಲಿಲ್ಲ. ಅಷ್ಟರಲ್ಲೇ ಕೂತು ಓದಿ 2015ರಲ್ಲಿ ಬಿಎಂಜೆ ಪತ್ರಿಕೇಲಿ ಪ್ರಕಟ ಮಾಡಿದ್ರು: ಪ್ಯಾರಾಕ್ಸೆಟಿನ್ ಆ ಮಕ್ಕಳಿಗೆ ಡಮ್ಮಿ ಮಾತ್ರೆಗಿಂತ ಹೆಚ್ಚೇನೂ ಉಪಯೋಗ ಆಗಿಲ್ಲ, ಹಾನಿ ಮಾತ್ರ ಮೊದಲು ತೋರ್ಸಿದ್ದಕ್ಕಿಂತ ಜಾಸ್ತಿ. ಮಕ್ಕಳು ಮಾತ್ರೆ ತಗೊಂಡಿದ್ದು ತೊಂಬತ್ತರ ದಶಕದಲ್ಲಿ, ಸರಿಯಾದ ಲೆಕ್ಕ ಅಚ್ಚಾಗೋ ಹೊತ್ತಿಗೆ ಅವರಿಗೇ ಮಕ್ಕಳಾಗಿರ್ಬೇಕು.

ಸರಿ, ಮನೇಲಿ ಇದು ಹೇಗೆ ಕಾಣುತ್ತೆ ಅಂತ ಬರೋಣ. ಒಬ್ಬ ತಾಯಿ ಮಗಳಿಗೆ ಮಾತ್ರೆ ತಗೊಂಡು ಹೋಗಿ ಒಂದು ವಾರಕ್ಕೆ ವಾಪಸ್ ಬಂದ್ರು, ಪಿಯುಸಿ ಹುಡುಗಿ. ಮಾತ್ರೆ ಚೇಂಜ್ ಮಾಡ್ಕೊಡ್ತೀರಾ ಅಂದ್ರು, ಕಂಪನಿ ಬೇರೆ ಇದ್ರೆ ಕೊಡಿ ಮೇಡಂ ಇದು ಹೀಟ್ ಆಗಿದೆ ಅಂತ. ಏನಾಗ್ತಿದೆ ಅಂತ ಕೇಳ್ದೆ. ‘ಕೂತಲ್ಲಿ ಕೂರ್ತಿಲ್ಲ ಕಣ್ರೀ, ಊಟಕ್ಕೆ ಕೂತ್ರೂ ಕಾಲು ಅಲ್ಲಾಡಿಸ್ತಾನೇ ಇರ್ತಾಳೆ, ರಾತ್ರಿ ಎರಡು ಗಂಟೇಲಿ ಎದ್ದು ಹಾಲಲ್ಲಿ ಆ ಕಡೆಯಿಂದ ಈ ಕಡೆ ಓಡಾಡ್ತಾಳೆ, ಕೇಳಿದ್ರೆ ಚರ್ಮದೊಳಗಿಂದ ಹೊರಗೆ ಬಂದ್ಬಿಡ್ಬೇಕು ಅನ್ಸುತ್ತಮ್ಮ ಅಂತಾಳೆ, ತಮ್ಮನ ಮೇಲೆ ಸುಮ್‌ಸುಮ್ನೆ ಕೈ ಎತ್ತಿದ್ಲು, ಮೊದ್ಲು ಮೂಲೇಲಿ ಮಲಗಿರ್ತಿದ್ಲು ಈಗ ಆಕ್ಟಿವ್ ಆಗಿದಾಳಲ್ಲ ಅದೂ ಒಳ್ಳೇದೇ ಅಂತಾರೆ ಇವ್ರಪ್ಪ.’ ಇದಕ್ಕೆ ಅಕಥೀಸಿಯಾ ಅಂತಾರೆ, ಒಳಗಿಂದ ತಡ್ಕೊಳ್ಳಕ್ಕಾಗದ ಚಡಪಡಿಕೆ, ಮಾತ್ರೆ ಶುರುವಾದಾಗ ಅಥವಾ ಡೋಸ್ ಏರಿಸಿದಾಗ ಕೆಲವ್ರಿಗೆ ಬರುತ್ತೆ, ಮಕ್ಕಳಲ್ಲಿ ಇದರ ಜೊತೆಗೇ ರೇಗಾಟ, ನಿದ್ದೆ ಇಲ್ದಿರೋದು, ಹಿಂದೆ ಮುಂದೆ ನೋಡದೆ ಏನಾದ್ರೂ ಮಾಡ್ಬಿಡೋ ಸ್ವಭಾವ ಸೇರ್ಕೊಳ್ಳುತ್ತೆ. ಆಯಮ್ಮ ಕಾಯಿಲೆ ಜೋರಾಯ್ತು ಅಂತ ಅಂದ್ಕೊಂಡಿದ್ರು, ಅಪ್ಪ ವಾಸಿ ಆಗ್ತಿದಾಳೆ ಅಂತ ಅಂದ್ಕೊಂಡಿದ್ರು, ಎರಡೂ ಅಲ್ಲ. ಅಲ್ಲಿಂದಲೇ ಡಾಕ್ಟ್ರಿಗೆ ಫೋನ್ ಮಾಡ್ಸಿದೆ, ಅವ್ರು ಅವತ್ತೇ ಕರ್ಕೊಂಡ್ಬನ್ನಿ ಅಂದ್ರು, ಡೋಸ್ ಇಳಿಸಿ ನಿಧಾನಕ್ಕೆ ಏರಿಸಿದ್ರು, ಆ ಹುಡುಗಿ ಅದೇ ಮಾತ್ರೇಲೇ ಸುಧಾರಿಸ್ಕೊಂಡು ಈಗ ಡಿಗ್ರಿ ಓದ್ತಿದಾಳೆ. ಒಂದು ಫೋನ್ ಕಾಲ್ ಅಷ್ಟೇ. ಆದ್ರೆ ಫೋನ್ ಮಾಡ್ಬೇಕಾದ ಲಕ್ಷಣ ಇದು ಅಂತ ಅವ್ರಿಗೆ ಯಾರೂ ಹೇಳಿರ್ಲಿಲ್ಲ.

ಮೊದಲ ವಾರಗಳೇ ಯಾಕೆ ಅಂದ್ರೆ, ಅಡ್ಡಪರಿಣಾಮ ಕಾಣೋಕೆ ಕೆಲವು ದಿನ ಸಾಕು, ಬೇಜಾರು ಇಳಿಯೋಕೆ ನಾಲ್ಕರಿಂದ ಆರು ವಾರ ಬೇಕು. ಮಧ್ಯದ ಈ ಗ್ಯಾಪಲ್ಲಿ ಮಗುಗೆ ಮನಸ್ಸು ಅಷ್ಟೇ ಕತ್ತಲಾಗಿರುತ್ತೆ, ಮೈಗೆ ಮಾತ್ರ ಚುರುಕು ಬಂದಿರುತ್ತೆ. ಹೀಗೂ ಇರ್ಬಹುದು ಅನ್ನೋದು ಹಳೇ ಸೈಕಿಯಾಟ್ರಿಸ್ಟ್‌ಗಳ ವಿವರಣೆ. ಇನ್ನೊಂದು, ಕೆಲವು ಮಕ್ಕಳಿಗೆ ಇರೋದು ಬರೀ ಡಿಪ್ರೆಶನ್ ಅಲ್ಲ, ಬೈಪೋಲಾರ್ ಅನ್ನೋ, ಮನಸ್ಸು ಒಮ್ಮೆ ಕುಗ್ಗಿ ಒಮ್ಮೆ ವಿಪರೀತ ಹಿಗ್ಗೋ ಕಾಯಿಲೆಯ ಮೊದಲ ಹಂತ ಅದು, ಡಿಪ್ರೆಶನ್ ಮಾತ್ರೆ ಬಿದ್ದ ಕೂಡ್ಲೇ ಮೇನಿಯಾ ಕಡೆಗೆ ಹೊರಳ್ತಾರೆ, ಎರಡು ಗಂಟೆ ನಿದ್ದೆ ಮಾಡಿ ಫ್ರೆಶ್ ಆಗಿ ಏಳೋದು, ನಿಲ್ಲಿಸ್ದೆ ಮಾತಾಡೋದು, ಇದ್ದಬದ್ದ ದುಡ್ಡು ಖರ್ಚು ಮಾಡೋದು. ಅದಕ್ಕೇ ಮನೇಲಿ ಯಾರಿಗಾದ್ರೂ ಹಾಗೆ ಇತ್ತಾ ಅಂತ ಡಾಕ್ಟ್ರು ಕೇಳಿದಾಗ ಚಿಕ್ಕಪ್ಪನ ವಿಷ್ಯ ಮುಚ್ಚಿಡ್ಬೇಡಿ, ಮದುವೆ ಮಾತುಕತೆಗೆ ಬಂದಿರೋ ಬೀಗರಲ್ಲ ಅವ್ರು.

ಹಾಗಾದ್ರೆ ಮಾತ್ರೇನೇ ಬೇಡ್ವಾ? ಇಲ್ಲಿ ನಾನು ಆ ಯೂಟ್ಯೂಬ್ ಬಳಗದಿಂದ ದೂರ ನಿಲ್ತೀನಿ. 2004ರಲ್ಲೇ ಅಮೆರಿಕದಲ್ಲಿ ಟ್ಯಾಡ್ಸ್ ಅನ್ನೋ ಅಧ್ಯಯನ ಬಂತು, ಅದಕ್ಕೆ ದುಡ್ಡು ಸರ್ಕಾರದ್ದು, 12ರಿಂದ 17ರ 439 ಮಕ್ಕಳು. 12 ವಾರ ಆದ್ಮೇಲೆ ಫ್ಲೂಆಕ್ಸೆಟಿನ್ ಜೊತೆಗೆ ಸಿಬಿಟಿ ಅನ್ನೋ ಮಾತಿನ ಚಿಕಿತ್ಸೇನೂ ಕೊಟ್ಟವರಲ್ಲಿ 71% ಸುಧಾರಿಸಿದ್ರು, ಬರೀ ಫ್ಲೂಆಕ್ಸೆಟಿನ್‌ಗೆ ಸುಮಾರು 61%, ಬರೀ ಸಿಬಿಟಿಗೆ 43%, ಡಮ್ಮಿ ಮಾತ್ರೆಗೆ 35%. ತುಂಬಾ ಕುಗ್ಗಿಹೋಗಿರೋ ಮಗುಗೆ ಈ ವ್ಯತ್ಯಾಸ ಸಣ್ಣದಲ್ಲ. ಹಂಗಂತ ಎಲ್ಲಾ ಮಾತ್ರೆನೂ ಒಂದೇ ಅಲ್ಲ. 2016ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಚಿಪ್ರಿಯಾನಿ ಮತ್ತೆ ಅವರ ಜೊತೆಯವರು 34 ಟ್ರಯಲ್, 14 ಬಗೆ ಮಾತ್ರೆ ಒಟ್ಟಿಗೆ ತೂಗಿ ನೋಡಿದ್ರು, ಮಕ್ಕಳ ಡಿಪ್ರೆಶನ್‌ಗೆ ಡಮ್ಮಿಗಿಂತ ಮೇಲು ಅಂತ ನಿಂತಿದ್ದು ಫ್ಲೂಆಕ್ಸೆಟಿನ್ ಒಂದೇ, ವೆನ್ಲಾಫ್ಯಾಕ್ಸಿನ್ ಅನ್ನೋ ಇನ್ನೊಂದು ಡಿಪ್ರೆಶನ್ ಮಾತ್ರೇಲಿ ಆತ್ಮಹತ್ಯೆ ಯೋಚನೆ ಅಪಾಯ ಎದ್ದು ಕಾಣ್ತು. ಅಮೆರಿಕದಲ್ಲಿ ಮಕ್ಕಳ ಡಿಪ್ರೆಶನ್‌ಗೆ ಒಪ್ಪಿಗೆ ಇರೋದು ಮುಖ್ಯವಾಗಿ 8 ವರ್ಷದಿಂದ ಮೇಲೆ ಫ್ಲೂಆಕ್ಸೆಟಿನ್, 12ರಿಂದ ಮೇಲೆ ಎಸಿಟಲೋಪ್ರಾಮ್. ಸರ್ಟ್ರಾಲಿನ್‌ಗೆ ಮಕ್ಕಳಲ್ಲಿ ಒಪ್ಪಿಗೆ ಇರೋದು ಒಸಿಡಿಗೆ, ಅಂದ್ರೆ ಬೇಡದ ಯೋಚನೆ ಕಾಡಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡೋ ಕಾಯಿಲೆಗೆ, ಆದ್ರೂ ಡಾಕ್ಟ್ರು ಬೇರೆ ಕಾರಣಕ್ಕೆ ಬರೀತಾರೆ, ಬರೆದ್ರು ಅಂತ ತಪ್ಪು ಅಂತಲ್ಲ, ಯಾಕೆ ಇದೇ ಅಂತ ಕೇಳೋ ಹಕ್ಕು ನಿಮಗಿದೆ.

ಕಪ್ಪು ಚೌಕಟ್ಟು ಬಂದ್ಮೇಲೆ ಅಮೆರಿಕದಲ್ಲಿ ಡಾಕ್ಟ್ರುಗಳು ಹೆದರಿ ಮಕ್ಕಳಿಗೆ ಬರೆಯೋದನ್ನೇ ಕಮ್ಮಿ ಮಾಡಿದ್ರು, ಅದರಿಂದ ಚಿಕಿತ್ಸೆ ಸಿಗದೆ ಇನ್ನಷ್ಟು ಮಕ್ಕಳು ಹೋದ್ರು, ಎಚ್ಚರಿಕೆ ತೆಗೀರಿ ಅಂತ ಒಂದು ಪಂಗಡ ಇವತ್ತಿಗೂ ವಾದ ಮಾಡ್ತಿದೆ. ಇನ್ನೊಂದು ಪಂಗಡ ಆ ಲೆಕ್ಕಾಚಾರದಲ್ಲೇ ಹುಳುಕಿದೆ ಅಂತಿದೆ. ನನಗೆ ಅನ್ಸೋದು, ಎಚ್ಚರಿಕೆಯಿಂದ ಮಾತ್ರೆ ನಿಂತಿದ್ದು ನಿಜ ಇರ್ಬಹುದು, ಆದ್ರೆ ಆ ಎಚ್ಚರಿಕೇಲಿ ಇದ್ದಿದ್ದು ಮಾತ್ರೆ ಕೊಡ್ಬೇಡಿ ಅಂತಲ್ಲ, ಕೊಟ್ರೆ ಹತ್ತಿರದಿಂದ ನೋಡ್ತಾ ಇರಿ ಅಂತ. ಮಾತ್ರೆ ಕಮ್ಮಿ ಮಾಡೋದು ಸುಲಭ, ವಾರವಾರ ಮಗುನ ಕರೆಸಿ ನೋಡೋದು ಕಷ್ಟ, ಸುಲಭದ್ದು ಆಯ್ತು.

ನಮ್ಮ ದೇಶದ ಪರಿಸ್ಥಿತಿ ಇನ್ನೊಂಥರ. ಅಮೆರಿಕದಲ್ಲಿ ಈ ಮಾತ್ರೆ ಕೊಡೋವಾಗೆಲ್ಲ ಫಾರ್ಮಸಿಯವರು ಮೆಡಿಕೇಶನ್ ಗೈಡ್ ಅನ್ನೋ ಕಾಗದನೂ ಕೈಗೆ ಕೊಡ್ಬೇಕು, ಯಾವ ಲಕ್ಷಣ ಕಂಡ್ರೆ ತಕ್ಷಣ ಫೋನ್ ಮಾಡ್ಬೇಕು ಅಂತ ಸರಳ ಭಾಷೇಲಿ ಬರೆದಿರುತ್ತೆ. ಇಲ್ಲಿ ನಮಗೆ ಬರೋದು ದೊಡ್ಡ ಡಬ್ಬಿ, ಒಳಗೆ ಹತ್ತು ಹದಿನೈದು ಸ್ಟ್ರಿಪ್, ಕಾಗದ ಇದ್ರೆ ಒಂದು, ಇರುವೆ ಸೈಜಿನ ಇಂಗ್ಲಿಷ್ ಅಕ್ಷರ, ಅದು ಡಬ್ಬಿ ಜೊತೆಗೇ ರದ್ದಿಗೆ ಹೋಗುತ್ತೆ. ಗಿರಾಕಿಗೆ ಹೋಗೋದು ಕತ್ತರಿಸಿದ ಸ್ಟ್ರಿಪ್, ಕೆಲವೊಮ್ಮೆ ಮಾತ್ರೆ ಹೆಸರು ಎಕ್ಸ್‌ಪೈರಿ ಡೇಟು ಇರೋ ತುದೀನೇ ಅಂಗಡೀಲಿ ಉಳ್ಕೊಂಡಿರುತ್ತೆ. ಶೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ದೆ ಕೊಡೋ ಹಾಗಿಲ್ಲ, ಆದ್ರೆ ಒಂದು ಹಳೇ ಚೀಟಿ ಫೋಟೋನ ವಾಟ್ಸಾಪಲ್ಲಿ ಇಟ್ಕೊಂಡು ವರ್ಷಾನುಗಟ್ಟಲೆ ತಗೊಳ್ಳೋರಿದ್ದಾರೆ, ಕೊಡೋರೂ ಇದ್ದಾರೆ. ಅಕ್ಕನಿಗೆ ಬರೆದಿದ್ದನ್ನ ತಂಗಿಗೂ ಅದೇ ಥರ ಬೇಜಾರು ಅಂತ ಕೊಡೋ ಮನೆಗಳೂ ಇವೆ.

ಹಾಗಾಗಿ ನಾನೀಗ 18ರ ಒಳಗಿನ ಹೊಸ ಚೀಟಿ ಬಂದ್ರೆ ಕವರ್ ಮೇಲೆ ಡೋಸ್ ಜೊತೆಗೆ ಕನ್ನಡದಲ್ಲಿ ನಾಲ್ಕು ಸಾಲು ಬರೀತೀನಿ. ಚಡಪಡಿಕೆ, ನಿದ್ದೆ ಪೂರ್ತಿ ಕೆಟ್ಟಿದ್ದು, ಹೊಸದಾಗಿ ಸಿಟ್ಟು, ಸಾಯೋ ಮಾತು, ಇದರಲ್ಲಿ ಯಾವುದು ಕಂಡ್ರೂ ಅವತ್ತೇ ಡಾಕ್ಟ್ರಿಗೆ ಫೋನ್. ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದಿನದ 24 ಗಂಟೆನೂ ಇರುತ್ತೆ, ಫ್ರೀ, ಕನ್ನಡದಲ್ಲಿ ಮಾತಾಡ್ಬಹುದು. ಜೀವಕ್ಕೆ ಅಪಾಯ ಅನ್ಸಿದ್ರೆ ಫೋನ್ ಮಾಡ್ಕೊಂಡು ಕೂರ್ದೆ ನೇರ ಆಸ್ಪತ್ರೆಗೆ, ಮಗುನ ಒಬ್ಬಂಟಿಯಾಗಿ ಬಿಡ್ಬೇಡಿ. ಸಾಯೋ ಬಗ್ಗೆ ಮಗುನ ನೇರವಾಗಿ ಕೇಳಿದ್ರೆ ಇಲ್ದಿರೋ ಯೋಚನೆ ತುಂಬಿದಂಗಾಗುತ್ತೆ ಅಂತ ಹೆದರ್ತಾರೆ, ಹಾಗೇನಾಗಲ್ಲ, ಕೇಳಿದ್ರೆ ಎಷ್ಟೋ ಮಕ್ಕಳು ಹೇಳ್ಕೊಂಡು ಹಗುರಾಗ್ತಾರೆ.

ಹಳೇ ಮಾತ್ರೆಗಳ ಬಗ್ಗೆ ಹೇಳ್ತೀನಿ ಅಂದಿದ್ನಲ್ಲ. ಅಮಿಟ್ರಿಪ್ಟಿಲಿನ್ ನಮ್ಮ ಕಡೆ ಎಷ್ಟೋ ಮನೇಲಿ ಇದೆ, ಡಿಪ್ರೆಶನ್‌ಗೆ ಅಂತಲ್ಲ, ಅಜ್ಜಿಗೆ ಶುಗರ್‌ನಿಂದ ಕಾಲುರಿ, ಅತ್ತೆಗೆ ಮೈಗ್ರೇನು ಅಂತ. ಮಕ್ಕಳ ಡಿಪ್ರೆಶನ್‌ಗೆ ಅದರಿಂದ ಅಂಥಾ ಉಪಯೋಗ ಇಲ್ಲ, ಆದ್ರೆ ಜಾಸ್ತಿ ನುಂಗಿದ್ರೆ ಹೃದಯದ ಬಡಿತಾನೇ ಕೆಡಿಸುತ್ತೆ, ಈ ವಿಷ್ಯದಲ್ಲಿ ಎಸ್‌ಎಸ್‌ಆರ್‌ಐಗಳಿಗಿಂತ ಎಷ್ಟೋ ಪಾಲು ಅಪಾಯ. ಮನೇಲಿ ಮನಸ್ಸು ಸರಿಯಿಲ್ದಿರೋ ಮಗು ಇದ್ರೆ ಅಥವಾ ಸಿಕ್ಕಿದ್ದನ್ನ ಬಾಯಿಗೆ ಹಾಕೋ ಪುಟ್ಟ ಮಗು ಇದ್ರೆ ಅಜ್ಜಿ ಮಾತ್ರೆ ಡಬ್ಬ ಫ್ರಿಜ್ ಮೇಲೆ ಇರೋದು ಬೇಡ, ಬೀರುವಲ್ಲಿಟ್ಟು ಬೀಗ ಹಾಕಿ, ಮಗುವಿನ ಮಾತ್ರೆನೂ ದೊಡ್ಡೋರೇ ದಿನದಿನ ಕೈಗೆ ಕೊಡಿ, ಮೂರು ತಿಂಗಳಿಗಾಗೋವಷ್ಟು ಒಟ್ಟಿಗೆ ಕೊಂಡಿಡ್ಬೇಡಿ, ಡಿಸ್ಕೌಂಟ್ ಸಿಕ್ರೂ ಬೇಡ. ಬೇರೆ ಏನಾದ್ರೂ ನೋವಿನ ಮಾತ್ರೆ ತಗೊಳ್ಳೋವಾಗ್ಲೂ ಡಿಪ್ರೆಶನ್ ಮಾತ್ರೆ ನಡೀತಿದೆ ಅಂತ ಹೇಳಿ, ಟ್ರಮಡಾಲ್ ಜೊತೆ ಸೇರಿದ್ರೆ ಸಿರೊಟೋನಿನ್ ವಿಪರೀತ ಆಗಿ ನಡುಕ, ಜ್ವರ, ಗೊಂದಲ ಎಲ್ಲಾ ಬರ್ಬಹುದು, ಬ್ರೂಫೆನ್ ಥರದವು ಸೇರಿದ್ರೆ ಹೊಟ್ಟೇಲಿ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಏರುತ್ತೆ.

ಕೊನೇದಾಗಿ ನಿಲ್ಲಿಸೋ ವಿಷ್ಯ, ಇದರಲ್ಲಿ ನಮ್ಮೋರು ತುಂಬಾ ಅವಸರ ಮಾಡ್ತಾರೆ. ಫೆಬ್ರವರಿ ಬಂತು ಅಂದ್ರೆ ಸಾಕು, ಪರೀಕ್ಷೆ ಹತ್ರ ಬಂತು ಮಂಕಾಗ್ತಾನೆ ಅಂತ ಡಾಕ್ಟ್ರನ್ನ ಕೇಳ್ದೆ ಪಟ್ಟಂತ ನಿಲ್ಲಿಸ್ಬಿಡ್ತಾರೆ. ಎರಡು ಮೂರು ದಿನಕ್ಕೆ ತಲೆಸುತ್ತು, ವಾಕರಿಕೆ, ತಲೇಲಿ ಕರೆಂಟ್ ಹೊಡೆದಂಗೆ ಝುಮ್ ಅನ್ನೋದು, ಕೆಟ್ಟ ಕನಸು, ಅಳು, ಇವೆಲ್ಲ ಶುರುವಾಗಿ ಹುಡುಗ ಹಾಲ್ ಟಿಕೆಟ್ ಹಿಡ್ಕೊಂಡು ಕೂರೋ ಸ್ಥಿತೀಲೇ ಇರಲ್ಲ, ಜೊತೆಗೆ ಹಳೇ ಬೇಜಾರು ವಾಪಸ್ ಬರೋ ಅಪಾಯ ಬೇರೆ. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಇದು ಜೋರು, ಫ್ಲೂಆಕ್ಸೆಟಿನ್ ಮೈಯಿಂದ ವಾರಗಟ್ಟಲೆ ನಿಧಾನಕ್ಕೆ ಹೋಗೋದ್ರಿಂದ ಅದರಲ್ಲಿ ಕಮ್ಮಿ. ಚೆನ್ನಾಗಾದ್ಮೇಲೂ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಡೋಸ್ ಸ್ವಲ್ಪಸ್ವಲ್ಪ ಇಳಿಸ್ತಾರೆ. ಯಾವಾಗ ಇಳಿಸೋದು ಅಂತ ಡಾಕ್ಟ್ರ ಹತ್ರ ಮಾತಾಡೋವಾಗ ಮಗುವಿನ ಪರೀಕ್ಷೆ ಟೈಮ್‌ಟೇಬಲ್ ಜೊತೇಲಿ ತಗೊಂಡು ಹೋಗಿ, ಏಪ್ರಿಲ್ ಮೇ ರಜಕ್ಕೆ ಇಟ್ಕೊಳ್ಳೋಣ್ವಾ ಅಂತ ಕೇಳಿ, ಮನೇಲಿ ಯಾರಾದ್ರೂ ಜೊತೆಗಿರೋ ದಿನಗಳಾದ್ರೆ ಇನ್ನೂ ಒಳ್ಳೇದು.